ತೊಟ್ಟಿಯ ನೀರು ಬಿಸಿಯಾದಾಗ: ಅಂಟಾರ್ಕ್ಟಿಕಾದ ಕಡಲಜೀವಿಗಳಲ್ಲಿ ಶಾಖದ ಬಾಧೆಯನ್ನು ಗುರುತಿಸುವ ಕೈಪಿಡಿ

ಅಂಟಾರ್ಕ್ಟಿಕಾದ ಕಡಲಿನಿಂದ ತಂದ ಮೀನು, ಚಿಪ್ಪಿನ ಜೀವಿ ಮತ್ತು ನಕ್ಷತ್ರಮೀನಿನ ನಂಟರಾದ ಬ್ರಿಟಲ್ ಸ್ಟಾರ್‌ಗಳನ್ನು ಪ್ರಯೋಗಾಲಯದ ತೊಟ್ಟಿಗಳಲ್ಲಿ ನೋಡಿಕೊಳ್ಳುವವರಿಗಾಗಿ, ಅದರಲ್ಲೂ ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವವರಿಗಾಗಿ ಈ ಕೈಪಿಡಿಯನ್ನು ಬರೆದಿದ್ದೇನೆ. ಮಲ್ಪೆಯಲ್ಲೋ ಕಾರವಾರದಲ್ಲೋ ಕಡಲು ನೋಡಿ ಬೆಳೆದವರಿಗೆ ಈ ಕೆಲಸದಲ್ಲಿ ಮೊದಲು ಅಡ್ಡ ಬರುವುದು ತಮ್ಮ ಕೈಯ ಅಂದಾಜೇ. ನಮ್ಮ ಕಡಲ ಮೇಲ್ನೀರು ವರ್ಷದ ಬಹುಪಾಲು 28 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಹಾಗಾಗಿ 4 ಡಿಗ್ರಿ ನೀರಿಗೆ ಕೈ ಇಳಿಸಿದರೆ ಬೆರಳು ಮರಗಟ್ಟುತ್ತವೆ, ನೀರು ಬೇಕಾದಷ್ಟು ತಣ್ಣಗಿದೆ ಎಂದೇ ಮನಸ್ಸು ಹೇಳುತ್ತದೆ. ಆದರೆ ಮೆಕ್‌ಮರ್ಡೋ ಸೌಂಡ್ ಎಂಬ ಅಂಟಾರ್ಕ್ಟಿಕಾದ ಕೊಲ್ಲಿಯ ನೀರು ವರ್ಷವಿಡೀ ಮೈನಸ್ 1.9 ಡಿಗ್ರಿಯ ಹತ್ತಿರವೇ ಇರುತ್ತದೆ, ಮತ್ತು ಅಲ್ಲಿನ ಮೀನುಗಳ ಮಟ್ಟಿಗೆ ಆ 4 ಡಿಗ್ರಿ ಸುಡುಬಿಸಿಲೇ ಸರಿ. ಜಾರ್ಜ್ ಸೊಮೆರೊ ಮತ್ತು ಆರ್ಥರ್ ಡಿವ್ರೀಸ್ ಅವರು 1967ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿನ ಟ್ರೆಮಾಟೋಮಸ್ ಜಾತಿಯ ಮೀನುಗಳು 5ರಿಂದ 7 ಡಿಗ್ರಿಯ ನೀರಿನಲ್ಲಿ ಬದುಕಿ ಉಳಿಯಲಾರದೆ ಹೋದವು.

ಈ ಕೈಪಿಡಿ ನಿಂತಿರುವುದು ಒಂದು ಮಾತಿನ ಮೇಲೆ. ಪ್ರಾಣಿ ಸಾಯುವ ತಾಪಮಾನ ನಮ್ಮ ಕೆಲಸಕ್ಕೆ ಬಾರದು. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಪ್ರಾಣಿ ದಿನವೂ ಮಾಡುತ್ತಿದ್ದ ಯಾವ ಕೆಲಸವನ್ನು ಇವತ್ತು ಮಾಡಲಾಗುತ್ತಿಲ್ಲ ಎಂಬುದನ್ನು ನೋಡಬೇಕು, ಏಕೆಂದರೆ ಸಾವಿಗಿಂತ ಹಲವು ಡಿಗ್ರಿ ಮುಂಚೆಯೇ ಅದು ಕೈಬಿಡುವುದು ಆ ಕೆಲಸಗಳನ್ನು.

ತೊಟ್ಟಿ ಮುಟ್ಟುವ ಮುನ್ನ

ಉಪ್ಪುನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತದೆ. ನೀರಿಗೆ ಕೈ ಹಾಕುವ ಮೊದಲು ಆ ತೊಟ್ಟಿಯ ಪಂಪ್ ಮತ್ತು ದೀಪಗಳ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಬೇಕು; ಎಲ್ಲ ಸಂಪರ್ಕಗಳೂ, ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚಾದ ಇಎಲ್‌ಸಿಬಿಯ ಮೂಲಕವೇ ಬಂದಿರಬೇಕು. ಇಎಲ್‌ಸಿಬಿ ಪದೇಪದೇ ಬೀಳುತ್ತಿದ್ದರೆ ಅದನ್ನು ಬಲವಂತವಾಗಿ ಎತ್ತಿ ನಿಲ್ಲಿಸಬೇಡಿ. ಎಲ್ಲೋ ಕರೆಂಟ್ ಸೋರುತ್ತಿದೆ, ಬಹುಶಃ ಒಂದು ಪಂಪಿನೊಳಗೆ ನೀರು ಹೊಕ್ಕಿದೆ ಎಂದು ಅದರ ಅರ್ಥ. ಆಗ ಎಲೆಕ್ಟ್ರಿಶಿಯನ್ ಬರುವವರೆಗೆ ಬ್ಯಾಟರಿಯ ಏರ್ ಪಂಪಿನಿಂದ ಕಾಲ ತಳ್ಳಬೇಕು.

ನೀರು ತಣಿಸುವ ಆತುರದಲ್ಲಿ ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಬಳಸುವ ಯೋಚನೆ ಹಲವರಿಗೆ ಬರುತ್ತದೆ. ಬಳಸಕೂಡದು. ಅದರಿಂದ ಏಳುವ ಇಂಗಾಲದ ಡೈಆಕ್ಸೈಡ್ ನೀರಿನ ಪಿಎಚ್ ಅನ್ನು ಕುಸಿಯುವಂತೆ ಮಾಡುತ್ತದೆ. ಬಾಗಿಲು ಮುಚ್ಚಿದ ಶೀತಕೋಣೆಯಲ್ಲಿ ಅದೇ ಅನಿಲ ತುಂಬಿಕೊಂಡರೆ ಒಳಗಿರುವ ಮನುಷ್ಯನ ಪ್ರಾಣಕ್ಕೇ ಅಪಾಯ. ಶೀತಕೋಣೆಯಲ್ಲಿ ಒಬ್ಬರೇ ಇರುವಾಗ ಹೊರಗಿನ ಯಾರಿಗಾದರೂ ತಿಳಿಸಿರಬೇಕು. ಉದ್ದ ಕೈಗವಸು ಇಲ್ಲದೆ ಸೊನ್ನೆಗಿಂತ ಕೆಳಗಿನ ನೀರಿನಲ್ಲಿ ಹೆಚ್ಚು ಹೊತ್ತು ಕೆಲಸ ಮಾಡಬಾರದು. ಮರಗಟ್ಟಿದ ಬೆರಳಿಗೆ ಒಡೆದ ಗಾಜೂ ಗೊತ್ತಾಗುವುದಿಲ್ಲ.

ಲಕ್ಷಣ: ಪ್ರಾಣಿಗಳು ಮಂಕಾಗಿವೆ, ಥರ್ಮಾಮೀಟರ್ ಮಾತ್ರ ಎಲ್ಲ ಸರಿ ಎನ್ನುತ್ತಿದೆ

ಮೊದಲು ಥರ್ಮಾಮೀಟರನ್ನೇ ಅನುಮಾನಿಸಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಒಂದು ಥರ್ಮೋಸ್ ಫ್ಲಾಸ್ಕಿನಲ್ಲಿ ಶುದ್ಧ ನೀರಿನ ಮಂಜುಗಡ್ಡೆಯ ಪುಡಿಯನ್ನು ತುಂಬಿ, ಸಂದು ಮುಚ್ಚುವಷ್ಟು ಬಟ್ಟಿ ಇಳಿಸಿದ ನೀರನ್ನು ಹುಯ್ದು, ಥರ್ಮಾಮೀಟರಿನಿಂದ ಕಲಕುತ್ತ ಐದು ನಿಮಿಷ ಕಾದರೆ ಅದು 0.0 ತೋರಿಸಬೇಕು. ಒಂದು ಡಿಗ್ರಿ ವ್ಯತ್ಯಾಸ ಮನೆಯ ಅಕ್ವೇರಿಯಂನಲ್ಲಿ ಲೆಕ್ಕಕ್ಕೆ ಬಾರದಿರಬಹುದು. ಈ ತೊಟ್ಟಿಯಲ್ಲಿ ಸ್ಕಾಲಪ್ ಎಂಬ ಎರಡು ಚಿಪ್ಪಿನ ಜೀವಿ ಈಜುವುದಕ್ಕೂ ಈಜದಿರುವುದಕ್ಕೂ ನಡುವೆ ಇರುವ ಅಂತರವೇ ಅಷ್ಟು.

ಥರ್ಮಾಮೀಟರ್ ಸರಿಯಿದ್ದರೆ ಅದು ಎಲ್ಲಿದೆ ಎಂದು ನೋಡಿ. ನೀರು ತಣಿಸುವ ಯಂತ್ರವಾದ ಚಿಲ್ಲರ್ ಮೇಲಿನ ಅಂಕಿ ಅದರ ಸೆನ್ಸರ್ ಇರುವ ಜಾಗದ ನೀರಿನದು, ನೀರು ಹರಿದು ಹೋಗದ ದೂರದ ಮೂಲೆಯದಲ್ಲ. ಮೇಲ್ಭಾಗ, ತಳ, ಮೂಲೆ ಎಂದು ಮೂರು ಕಡೆ ಅಳೆಯಿರಿ. ತಳದಲ್ಲೇ ಕೂರುವ ಪ್ರಾಣಿಗೆ ಮೇಲಿನ ನೀರಿನ ಲೆಕ್ಕದಿಂದ ಉಪಯೋಗವಿಲ್ಲ.

ಮಂಕು ಎಂದರೆ ಏನು ಎಂಬುದೂ ಖಚಿತವಿರಬೇಕು. ಈ ಪ್ರಾಣಿಗಳು ಸಹಜವಾಗಿಯೇ ನಿಧಾನ. ಟ್ರೆಮಾಟೋಮಸ್ ಬರ್ನಾಕಿಯೈ ಮೀನು ಗಂಟೆಗಟ್ಟಲೆ ತಳದಲ್ಲಿ ಎದೆರೆಕ್ಕೆ ಊರಿ ಕೂತಿರುವುದು ಕಾಯಿಲೆಯಲ್ಲ, ಅದರ ರೀತಿಯೇ ಹಾಗೆ. ಪ್ರಾಣಿ ಎಲ್ಲಿಯದು ಎಂಬುದೂ ಮುಖ್ಯ. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ರೊಥೆರಾ ಕೇಂದ್ರದ ಸುತ್ತಲಿನ ಆಳವಿಲ್ಲದ ನೀರು ಬೇಸಿಗೆಯಲ್ಲಿ ಸೊನ್ನೆಯನ್ನು ದಾಟುತ್ತದೆ, ಮೆಕ್‌ಮರ್ಡೋದ್ದು ಬಹುತೇಕ ಕದಲುವುದೇ ಇಲ್ಲ. ಒಂದೇ 1 ಡಿಗ್ರಿ ಒಬ್ಬರ ಪಾಲಿಗೆ ಬೇಸಿಗೆಯ ದಿನ, ಇನ್ನೊಬ್ಬರ ಪಾಲಿಗೆ ಹಿಂದೆಂದೂ ಕಾಣದ ಸೆಕೆ.

ಲಕ್ಷಣ: ಲಿಂಪೆಟ್‌ಗಳು ಗೋಡೆಯಿಂದ ಕಳಚಿ ಬಿದ್ದಿವೆ, ಬಿದ್ದವು ಮಗುಚಿಕೊಳ್ಳುತ್ತಿಲ್ಲ

ನನ್ನ ಮಟ್ಟಿಗೆ ತೊಟ್ಟಿಯ ಅತ್ಯಂತ ನಂಬಿಕೆಯ ಮಾಪಕವೆಂದರೆ ಲಿಂಪೆಟ್, ಬಂಡೆಗೆ ಅಂಟಿಕೊಂಡಿರುವ ಒಂಟಿ ಚಿಪ್ಪಿನ ಬಸವನಹುಳುವಿನಂಥ ಜೀವಿ. ನಾಸೆಲ್ಲಾ ಕಾನ್ಸಿನ್ನಾ ಎಂಬ ಈ ಪ್ರಾಣಿ ಬಂಡೆಯಿಂದ ಕಳಚಿ ಬೆನ್ನಡಿಯಾದರೆ ತಾನಾಗಿಯೇ ಹೊರಳಿ ನೆಟ್ಟಗಾಗಬೇಕು, ಇಲ್ಲವಾದರೆ ಕಡಲಿನಲ್ಲಿ ಬೇಟೆಗಾರರ ಬಾಯಿಗೆ ತುತ್ತಾಗುತ್ತದೆ. ಹೊರಳುವುದು ಸುಲಭದ ಕೆಲಸವಲ್ಲ. ಒಂದನ್ನು ಚಪ್ಪಟೆ ತಟ್ಟೆಯಲ್ಲಿ ತೊಟ್ಟಿಯದೇ ನೀರಿನೊಳಗೆ ಬೆನ್ನಡಿ ಮಾಡಿ ಇಟ್ಟು ನೋಡಿ: ಮೊದಲು ಅಂಗಾಲಿನ ಅಂಚು ನಡುಗುತ್ತದೆ, ಆಮೇಲೆ ಇಡೀ ಪಾದ ಒಂದು ಬದಿಗೆ ನಾಲಿಗೆಯಂತೆ ಚಾಚಿ ತಟ್ಟೆಯ ನೆಲವನ್ನು ತಡಕುತ್ತದೆ, ತುದಿ ಹಿಡಿತಕ್ಕೆ ಸಿಕ್ಕ ಮೇಲೆ ಚಿಪ್ಪಿನ ಒಂದು ಅಂಚು ಕೂದಲೆಳೆಯಷ್ಟು ಮೇಲೇಳುತ್ತದೆ, ಜಾರಿ ಬೀಳುತ್ತದೆ, ಮತ್ತೆ ಏಳುತ್ತದೆ. ಈ ಯತ್ನ ಗಂಟೆಗಟ್ಟಲೆ ನಡೆಯಬಹುದು. ಆದ್ದರಿಂದ ತೀರ್ಮಾನಕ್ಕೆ 24 ಗಂಟೆ ಕಾಯಬೇಕು.

ಲಾಯ್ಡ್ ಪೆಕ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಸುಮಾರು 2 ಡಿಗ್ರಿಯ ಹೊತ್ತಿಗೆ ಅರ್ಧದಷ್ಟು ಲಿಂಪೆಟ್‌ಗಳು ಹೊರಳುವ ಶಕ್ತಿ ಕಳೆದುಕೊಂಡಿದ್ದವು. ಅವು ಸತ್ತಿರಲಿಲ್ಲ. ಜೀವ ಇದೆ, ಕಸುವಿಲ್ಲ ಎಂಬ ಈ ಸ್ಥಿತಿಯೇ ಎಚ್ಚರಿಕೆಯ ಗಂಟೆ.

ಐದರಲ್ಲಿ ಒಂದು ಮಾತ್ರ ಹೊರಳದಿದ್ದರೆ ಅದರ ಪಾದವನ್ನು ಪರೀಕ್ಷಿಸಿ. ಗೋಡೆಯಿಂದ ಕೀಳುವಾಗ ಚಾಕು ತಾಗಿ ಗಾಯವಾಗಿರುವ ಸಾಧ್ಯತೆ ಹೆಚ್ಚು. ಐದರಲ್ಲಿ ಮೂರು ಹೊರಳದಿದ್ದರೆ ದೋಷ ಪ್ರಾಣಿಯದಲ್ಲ, ನೀರಿನದು. ಮುಂದಿನ ಭಾಗಗಳಿಗೆ ಹೋಗಿ.

ಲಕ್ಷಣ: ಸ್ಕಾಲಪ್ ಜಿಗಿಯುತ್ತಿಲ್ಲ, ಕ್ಲಾಮ್ ಮರಳಿಗೆ ಇಳಿಯುತ್ತಿಲ್ಲ

ಅಡಮುಸ್ಸಿಯಂ ಕೋಲ್ಬೆಕಿ ಎಂಬ ಸ್ಕಾಲಪ್ ಚಿಪ್ಪನ್ನು ಚಪ್ಪಾಳೆಯಂತೆ ಬಡಿದು ಈಜುತ್ತದೆ. ಮೇಲೆ ಹೇಳಿದ ಪ್ರಯೋಗಗಳಲ್ಲೇ ಈ ಈಜು 1ರಿಂದ 2 ಡಿಗ್ರಿಯ ನಡುವೆ ನಿಂತುಹೋಯಿತು. ನಮ್ಮ ಕರಾವಳಿಯ ಮರುವಾಯಿಯ ದೂರದ ನಂಟನಾದ ಲ್ಯಾಟರ್ನುಲಾ ಎಲಿಪ್ಟಿಕಾ ಎಂಬ ಕ್ಲಾಮ್ ಮರಳಿನಿಂದ ಕಿತ್ತು ಹಾಕಿದರೆ ಮತ್ತೆ ಹೂತುಕೊಳ್ಳುವ ಪ್ರಾಣಿ. ಅದರಲ್ಲಿ ಅರ್ಧದಷ್ಟು ಸುಮಾರು 2.5 ಡಿಗ್ರಿಯಲ್ಲೇ ಆ ಕೆಲಸ ಕೈಬಿಟ್ಟವು, 5 ಡಿಗ್ರಿಯಲ್ಲಿ ಒಂದೂ ಹೂತುಕೊಳ್ಳಲಿಲ್ಲ.

ಇದಕ್ಕೆ ಮುಖ್ಯ ವಿವರಣೆ ಆಮ್ಲಜನಕದ ಪೂರೈಕೆ. ನೀರು ಬಿಸಿಯಾದಂತೆ ದೇಹದ ಬೇಡಿಕೆ ಏರುತ್ತದೆ, ಆದರೆ ಚಳಿಗೆ ತಕ್ಕಂತೆ ರೂಪುಗೊಂಡ ಹೃದಯ ಮತ್ತು ಕಿವಿರುಗಳು ಅದೇ ವೇಗದಲ್ಲಿ ಪೂರೈಸಲಾರವು. ಲ್ಯಾಟರ್ನುಲಾದ ದೇಹರಸದಲ್ಲಿನ ಆಮ್ಲಜನಕವನ್ನು ಅಳೆದಾಗ ತಾಪಮಾನ ಏರಿದಂತೆ ಅದು ಇಳಿಯುವುದು ಕಂಡುಬಂದಿದೆ. ಮೊದಲು ಬಡವಾಗುವುದು ಹೆಚ್ಚು ಶಕ್ತಿ ಬೇಡುವ ಸ್ನಾಯುವಿನ ಕೆಲಸ. ಬರೀ ಉಸಿರಾಡಿಕೊಂಡು ಬಿದ್ದಿರುವ ಶಕ್ತಿ ಇನ್ನೂ ಹಲವು ಡಿಗ್ರಿಯವರೆಗೆ ಉಳಿದಿರುತ್ತದೆ. ಹ್ಯಾನ್ಸ್-ಒಟ್ಟೊ ಪೋರ್ಟ್ನರ್ ಬೆಳೆಸಿದ ಈ ವಾದ ಎಲ್ಲ ಪ್ರಾಣಿಗಳಿಗೂ ಸಮನಾಗಿ ಹೊಂದುತ್ತದೆ ಎಂಬುದನ್ನು ಎಲ್ಲ ಸಂಶೋಧಕರೂ ಒಪ್ಪುವುದಿಲ್ಲ. ಆದರೆ ಲ್ಯಾಟರ್ನುಲಾದ ಮಟ್ಟಿಗೆ, ನೀರಿನಲ್ಲಿ ಆಮ್ಲಜನಕ ಹೆಚ್ಚಿಸಿದಾಗ ಶಾಖದ ಬಾಧೆ ತಗ್ಗಿದ್ದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೋರಿಬಂತು. ತೊಟ್ಟಿ ನೋಡಿಕೊಳ್ಳುವವರಿಗೆ ಇದರಿಂದ ಒಂದು ನೇರ ಪಾಠವಿದೆ: ತಾಪಮಾನ ಇಳಿಸಲು ಹೊತ್ತು ಹಿಡಿಯುವುದಾದರೆ ಅಷ್ಟರೊಳಗೆ ಇನ್ನೆರಡು ಏರ್ ಸ್ಟೋನ್ (ನೀರಿಗೆ ಗಾಳಿಗುಳ್ಳೆ ಬಿಡುವ ರಂಧ್ರಗಳ ಕಲ್ಲು) ಇಳಿಸಿ. ಬೇನೆ ಅದರಿಂದ ವಾಸಿಯಾಗದು, ಆದರೆ ಸಮಯ ಸಿಗುತ್ತದೆ.

ಪರೀಕ್ಷೆಗೆಂದು ಸ್ಕಾಲಪ್ ಅನ್ನು ಪದೇಪದೇ ಕೆಣಕಬಾರದು. ದಣಿದ ಪ್ರಾಣಿಯೂ ಬಿಸಿ ತಾಗಿದ ಪ್ರಾಣಿಯಂತೆಯೇ ಕಾಣುತ್ತದೆ. ದಿನಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಬೇರೆಬೇರೆ ಪ್ರಾಣಿಗಳ ಮೇಲೆ ಮಾಡಿದರೆ ಸಾಕು.

ಲಕ್ಷಣ: ಮೀನುಗಳ ಕಿವಿರಿನ ಮುಚ್ಚಳ ಬೇಗಬೇಗ ಬಡಿಯುತ್ತಿದೆ, ಮೀನು ಮೇಲ್ನೀರಿಗೆ ಬರುತ್ತಿದೆ

ಒಂದು ಮೀನೋ ಎಲ್ಲವೋ ಎಂದು ಮೊದಲು ನೋಡಿ. ಒಂದೇ ಆದರೆ ಅದರ ಕಿವಿರಿನಲ್ಲಿ ಪರೋಪಜೀವಿಯೋ ಗಾಯವೋ ಇರಬಹುದು. ಎಲ್ಲವೂ ಆದರೆ ಕೈಗಡಿಯಾರ ಹಿಡಿದು ಒಂದು ನಿಮಿಷದಲ್ಲಿ ಮುಚ್ಚಳ ಎಷ್ಟು ಸಲ ಬಡಿಯಿತು ಎಂದು ಎಣಿಸಿ, ತೊಟ್ಟಿ ಚೆನ್ನಾಗಿದ್ದ ದಿನಗಳಲ್ಲಿ ಎಣಿಸಿಟ್ಟ ಲೆಕ್ಕದೊಂದಿಗೆ ಹೋಲಿಸಿ. ಅಂಥ ಲೆಕ್ಕ ಇಟ್ಟಿಲ್ಲವಾದರೆ ಇವತ್ತಿನಿಂದಲೇ ಇಡಿ.

ಆಮೇಲೆ ಏರ್ ಸ್ಟೋನ್ ಅನ್ನು ನೋಡಿ. ಅದರಿಂದ ಗುಳ್ಳೆ ಬರುತ್ತಿದೆಯೇ, ಕೊಳವೆ ಮಡಚಿದೆಯೇ, ಪಂಪಿನ ಪೊರೆ ಹರಿದಿದೆಯೇ? ಅದಾದ ಮೇಲೆ ಆಮ್ಲಜನಕದ ಮೀಟರ್. ಇಲ್ಲಿ ಶೇಕಡಾವಾರು ಅಂಕಿಯನ್ನು ಮಾತ್ರ ಓದಿದರೆ ಮೋಸ ಹೋಗುತ್ತೀರಿ. ಬಿಸಿನೀರು ಕಡಿಮೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಲೀಟರಿಗೆ ಸುಮಾರು 11.5 ಮಿಲಿಗ್ರಾಂ ಇರುವ 0 ಡಿಗ್ರಿಯ ಕಡಲನೀರೂ ಸುಮಾರು 9 ಮಿಲಿಗ್ರಾಂ ಇರುವ 10 ಡಿಗ್ರಿಯ ಕಡಲನೀರೂ ಮೀಟರಿನಲ್ಲಿ ಶೇ. 100 ಎಂದೇ ತೋರುತ್ತವೆ. ಮಿಲಿಗ್ರಾಂ ಲೆಕ್ಕವನ್ನೇ ಬರೆದುಕೊಳ್ಳಿ.

ತೊಟ್ಟಿಯಲ್ಲಿ ಐಸ್‌ಫಿಶ್ ಇದ್ದರೆ ಉಳಿದವಕ್ಕಿಂತ ಮೊದಲು ಅದನ್ನು ನೋಡಿ. ಇದರ ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲ. ನಾರ್ವೆಯ ಯೋಹಾನ್ ರೂಡ್ 1954ರಲ್ಲಿ ಇದನ್ನು ವೈಜ್ಞಾನಿಕವಾಗಿ ದಾಖಲಿಸಿದರು. ಕೆಂಪು ರಕ್ತದ ನಂಟರು ಸಾಗಿಸುವ ಆಮ್ಲಜನಕದ ಹತ್ತನೇ ಒಂದು ಪಾಲನ್ನೂ ಅದರ ರಕ್ತ ಸಾಗಿಸಲಾರದು. ದೊಡ್ಡ ಹೃದಯ, ಹೇರಳ ರಕ್ತ ಮತ್ತು ಆಮ್ಲಜನಕ ತುಂಬಿದ ತಣ್ಣೀರು ಈ ಮೂರರ ಬಲದಿಂದ ಅದು ಬದುಕಿದೆ. ಮೂರನೆಯದು ಕೈಕೊಟ್ಟರೆ ಉಳಿದೆರಡರಿಂದ ಹೆಚ್ಚು ದೂರ ಸಾಗದು. ಐಸ್‌ಫಿಶ್ ಏದುಸಿರು ಬಿಡುತ್ತಿದ್ದು ಟ್ರೆಮಾಟೋಮಸ್ ಇನ್ನೂ ಶಾಂತವಾಗಿದ್ದರೆ ನೀವು ಸರಿಯಾದ ಹೊತ್ತಿಗೆ ಬಂದಿದ್ದೀರಿ.

ಈ ಹಂತದಲ್ಲಿ ಆಹಾರ ಹಾಕುವುದನ್ನು ಕೂಡಲೇ ನಿಲ್ಲಿಸಿ. ತಿಂದದ್ದನ್ನು ಅರಗಿಸುವುದಕ್ಕೂ ಆಮ್ಲಜನಕ ಬೇಕು.

ಲಕ್ಷಣ: ಗಾಜಿನ ಒಳಮೈಗೂ ಮೀನಿನ ರೆಕ್ಕೆಗೂ ಸಣ್ಣ ಗುಳ್ಳೆಗಳು ಅಂಟಿವೆ

ಕಡಲಿನಿಂದ ಎತ್ತಿದ ತಣ್ಣೀರು ಕೊಳವೆಯಲ್ಲಿ ಬರುವಾಗ ಬಿಸಿಯಾದರೆ ಅದರಲ್ಲಿ ಕರಗಿದ್ದ ಅನಿಲ ಹಿಡಿಸಲಾರದೆ ಹೊರಬರುತ್ತದೆ. ಒಲೆಯ ಮೇಲಿಟ್ಟ ನೀರು ಕುದಿಯುವುದಕ್ಕೆ ಬಹಳ ಮೊದಲೇ ಪಾತ್ರೆಗೆ ಗುಳ್ಳೆ ಅಂಟುವುದನ್ನು ಅಡುಗೆಮನೆಯಲ್ಲಿ ಎಲ್ಲರೂ ನೋಡಿರುತ್ತೇವೆ, ಇದೂ ಹಾಗೆಯೇ. ಇದೇ ಗುಳ್ಳೆ ಮೀನಿನ ರಕ್ತನಾಳದಲ್ಲೂ ಮೂಡಬಲ್ಲದು. ಒಳಬರುವ ನೀರಿನ ಕೊಳವೆಗೆ ಶಾಖ ತಡೆಯುವ ಹೊದಿಕೆ ಇದೆಯೇ ಎಂದು ನೋಡಿ. ಪಂಪಿನ ಹೀರುವ ಬದಿಯ ಕೀಲುಗಳಲ್ಲಿ ಗಾಳಿ ಸೇರುತ್ತಿದೆಯೇ ಎಂದೂ ಪರೀಕ್ಷಿಸಿ. ನೀರನ್ನು ತೊಟ್ಟಿಗೆ ಬಿಡುವ ಮೊದಲು ಎತ್ತರದಿಂದ ತೆಳುವಾಗಿ ಚೆಲ್ಲಿ ಬೀಳಿಸಿದರೆ ಹೆಚ್ಚಿನ ಅನಿಲ ಹೊರಟುಹೋಗುತ್ತದೆ.

ಲಕ್ಷಣ: ನೀರು ನೊರೆಗಟ್ಟಿದೆ, ಕಲಕಾಗಿದೆ, ವಾಸನೆ ಬರುತ್ತಿದೆ

ಯಾವುದೋ ಪ್ರಾಣಿ ಕಣ್ಣಿಗೆ ಬೀಳದ ಕಡೆ ಸತ್ತಿದೆ. ಹುಡುಕಿ ತೆಗೆಯಿರಿ, ಅಮೋನಿಯಾ ಪರೀಕ್ಷಿಸಿ, ಅದೇ ತಾಪಮಾನದ ಮತ್ತು ಅದೇ ಉಪ್ಪಿನಂಶದ ನೀರಿನಿಂದ ಮೂರನೇ ಒಂದು ಭಾಗವನ್ನು ಬದಲಿಸಿ. ಸೊನ್ನೆಯ ಸುತ್ತಮುತ್ತ ಫಿಲ್ಟರಿನ ಬ್ಯಾಕ್ಟೀರಿಯಾಗಳು ಬಹಳ ನಿಧಾನವಾಗಿ ಕೆಲಸ ಮಾಡುತ್ತವೆ, ಅವನ್ನು ನಂಬಿ ಕೂರಲಾಗದು. ಬಿಸಿಯಾದ ನೀರಿನಲ್ಲಿ ಅಮೋನಿಯಾದ ವಿಷಕಾರಿ ರೂಪದ ಪಾಲೂ ಏರುತ್ತದೆ.

ಲಕ್ಷಣ: ನೀರು ಬಿಸಿಯಾಗಿರುವುದು ಖಚಿತ, ಕಾರಣ ತಿಳಿಯುತ್ತಿಲ್ಲ

ಮುಚ್ಚಳ ತೆರೆದಿಟ್ಟು ಮರೆತಿದ್ದಾರೆಯೇ, ದೀಪ ರಾತ್ರಿಯೆಲ್ಲ ಉರಿದಿದೆಯೇ, ಕೋಣೆಯ ಎಸಿ ನಿಂತಿದೆಯೇ, ಚಿಲ್ಲರಿನ ಹಿಂಬದಿ ಗೋಡೆಗೆ ತಾಗಿ ಬಿಸಿಗಾಳಿ ಹೊರಹೋಗದೆ ಉಳಿದಿದೆಯೇ? ಇವು ಒಂದು ನಿಮಿಷದ ಪರೀಕ್ಷೆಗಳು. ಆಮೇಲೆ ಚಿಲ್ಲರ್ ಆರಿಸಿ, ಅದರ ಶಾಖ ಹೊರಬಿಡುವ ಭಾಗವಾದ ಕಂಡೆನ್ಸರಿನ ರೆಕ್ಕೆಗಳ ನಡುವಿನ ಧೂಳನ್ನು ಮೃದು ಬ್ರಷ್ಷಿನಿಂದ ತೆಗೆಯಿರಿ.

ಮುಂದೆ ಪಂಪುಗಳನ್ನು ಲೆಕ್ಕ ಹಾಕಿ. ಮುಳುಗಿಸಿಟ್ಟ ಪಂಪು ಉಣ್ಣುವ ಕರೆಂಟೆಲ್ಲ ಕಡೆಗೆ ಶಾಖವಾಗಿ ನೀರಿಗೇ ಸೇರುತ್ತದೆ. ಶಾಖ ಹೊರಹೋಗದ 1000 ಲೀಟರಿನ ತೊಟ್ಟಿಯನ್ನು 100 ವ್ಯಾಟಿನ ಒಂದು ಪಂಪು ಸುಮಾರು 11 ಗಂಟೆಗಳಲ್ಲಿ 1 ಡಿಗ್ರಿ ಏರಿಸಬಲ್ಲದು. ‘ಹರಿವು ಚೆನ್ನಾಗಿರಲಿ’ ಎಂದು ಯಾರೋ ಒಳ್ಳೆಯ ಮನಸ್ಸಿನಿಂದ ಇಳಿಸಿದ ಇನ್ನೊಂದು ಪಂಪೇ ಹಲವು ಸಲ ಕಳ್ಳನಾಗಿರುತ್ತದೆ.

ಚಿಲ್ಲರ್ ಸದ್ದು ಮಾಡುತ್ತಿದೆ, ಆದರೂ ನೀರು ತಣಿಯುತ್ತಿಲ್ಲ ಎಂದಾದರೆ ಹೊರಬರುವ ನೀರಿನ ಹರಿವನ್ನು ಬಕೆಟ್ ಹಿಡಿದು ಅಳೆಯಿರಿ. ನಾನು ಮೊದಲ ಸಲ ಇಂಥ ತೊಟ್ಟಿಯ ಹೊಣೆ ಹೊತ್ತಾಗ ಒಂದು ಬೆಳಿಗ್ಗೆ ನೀರು 2 ಡಿಗ್ರಿಗೆ ಏರಿದ್ದನ್ನು ಕಂಡು ಚಿಲ್ಲರಿನ ಗುರಿಯನ್ನು ಇನ್ನೂ ಕೆಳಗಿಳಿಸಿದೆ, ಮಧ್ಯಾಹ್ನದ ಹೊತ್ತಿಗೆ ನೀರು ಮತ್ತೂ ಬಿಸಿಯಾಗಿತ್ತು. ಹಿಂದಿನ ರಾತ್ರಿಯೇ ಗುರಿಯನ್ನು ಮೈನಸ್ 2ಕ್ಕಿಂತ ಕೆಳಗೆ ಇಟ್ಟಿದ್ದರಿಂದ ಚಿಲ್ಲರಿನ ತಣಿಸುವ ಸುರುಳಿಯೊಳಗೆ ನೀರು ಹೆಪ್ಪುಗಟ್ಟಿ, ಹರಿವು ನಿಂತು, ತಣಿಯಬೇಕಾದ ನೀರು ಸುರುಳಿಯನ್ನು ಮುಟ್ಟುತ್ತಲೇ ಇರಲಿಲ್ಲ. ಕಡಲನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 1.9 ಡಿಗ್ರಿಯಲ್ಲಿ. ಗುರಿ ಅದಕ್ಕಿಂತ ಮೇಲೆಯೇ ಇರಬೇಕು. ಹೆಪ್ಪುಗಟ್ಟಿದ್ದರೆ ಕಂಪ್ರೆಸರನ್ನು ಆರಿಸಿ, ಪಂಪನ್ನು ಓಡಲು ಬಿಟ್ಟು ತಾನಾಗಿ ಕರಗಲು ಬಿಡಿ. ಬಿಸಿನೀರು ಹುಯ್ಯಬೇಡಿ, ಕುಟ್ಟಬೇಡಿ.

ಹರಿವು ಸರಿಯಿದ್ದೂ ತಣಿಯದಿದ್ದರೆ ಶೀತಕ ಅನಿಲ ಸೋರಿರಬಹುದು ಅಥವಾ ಕಂಪ್ರೆಸರ್ ಕೆಟ್ಟಿರಬಹುದು. ಇಲ್ಲಿಗೆ ನಿಮ್ಮ ಕೆಲಸ ನಿಲ್ಲಬೇಕು. ಅದನ್ನು ಬಿಚ್ಚುವುದು ತರಬೇತಾದ ಮೆಕ್ಯಾನಿಕ್‌ನ ಕೆಲಸ. ಅವರು ಬರುವವರೆಗೆ, ಮುಚ್ಚಳ ಬಿಗಿದ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ತೇಲಿಬಿಟ್ಟು ತೊಟ್ಟಿಯನ್ನು ಥರ್ಮಾಕೋಲ್ ಹಾಳೆಗಳಿಂದ ಸುತ್ತಿ. ಮಂಜುಗಡ್ಡೆಯನ್ನು ನೇರವಾಗಿ ನೀರಿಗೆ ಹಾಕಿದರೆ ಉಪ್ಪಿನಂಶ ಇಳಿಯುತ್ತದೆ, ನಲ್ಲಿನೀರಿನದಾದರೆ ಕ್ಲೋರಿನ್ ಸೇರುತ್ತದೆ. ಒಂದು ತೊಂದರೆ ಹೋಗಿ ಮೂರಾಗುತ್ತವೆ.

ಲಕ್ಷಣ: ಮೀನು ಮಗ್ಗುಲಾಗಿದೆ, ನೆಟ್ಟಗೆ ನಿಲ್ಲಲಾರದು

ಪರೀಕ್ಷೆಗಳನ್ನೆಲ್ಲ ಬಿಟ್ಟುಬಿಡಿ. ತಾಪಮಾನ ಸಹಿಷ್ಣುತೆಯ ಪ್ರಯೋಗಗಳಲ್ಲಿ ಸಮತೋಲನ ತಪ್ಪುವುದನ್ನೇ ಕೊನೆಯ ಗೆರೆ ಎಂದು ಎಣಿಸಿ, ಮೀನನ್ನು ಆ ಕ್ಷಣವೇ ಮೊದಲಿನ ತಣ್ಣೀರಿಗೆ ಹಿಂತಿರುಗಿಸುತ್ತಾರೆ. ನೀವೂ ಹಾಗೆಯೇ ಮಾಡಬೇಕು. ತಣ್ಣೀರಿನ ಇನ್ನೊಂದು ತೊಟ್ಟಿ ಇದ್ದರೆ ಬಲೆಯ ಬದಲು ನೀರು ತುಂಬಿದ ಬೋಗುಣಿಯಲ್ಲಿ ಎತ್ತಿ ಸಾಗಿಸಿ, ಬೆಳಕು ತಗ್ಗಿಸಿ, ಯಾರೂ ಹತ್ತಿರ ಓಡಾಡದಂತೆ ನೋಡಿಕೊಳ್ಳಿ. ಪಶುವೈದ್ಯರಿಗೂ ಪ್ರಯೋಗದ ಮುಖ್ಯಸ್ಥರಿಗೂ ಆಗಲೇ ಕರೆ ಮಾಡಿ. ಕಿವಿರು ಆಡುವುದು ನಿಂತ ಮೀನನ್ನು ಏನು ಮಾಡಬೇಕೆಂದು ನಿರ್ಧರಿಸುವ ಹೊಣೆ ಅವರದು. ಅದನ್ನು ನಡುರಾತ್ರಿ ಒಬ್ಬರೇ ಹೊರಬೇಡಿ.

ಲಕ್ಷಣ: ತಾಪಮಾನ ಸರಿಹೋಗಿ ದಿನಗಳಾದವು, ಆದರೂ ಪ್ರಾಣಿಗಳು ಸಾಯುತ್ತಿವೆ

ಬಿಸಿಯಿಂದ ಕೆಟ್ಟ ಪ್ರೋಟೀನುಗಳನ್ನು ಸರಿಪಡಿಸಲು ಹೆಚ್ಚಿನ ಜೀವಿಗಳ ಜೀವಕೋಶಗಳು ಹೀಟ್ ಶಾಕ್ ಪ್ರೋಟೀನುಗಳನ್ನು ತುರ್ತಾಗಿ ತಯಾರಿಸುತ್ತವೆ. ಟ್ರೆಮಾಟೋಮಸ್ ಬರ್ನಾಕಿಯೈ ಮೀನಿನಲ್ಲಿ ಈ ತುರ್ತು ಪ್ರತಿಕ್ರಿಯೆ ಇಲ್ಲ ಎಂದು ಗ್ರೆಚೆನ್ ಹಾಫ್‌ಮನ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಅಂಥ ಒಂದಿಷ್ಟು ಪ್ರೋಟೀನನ್ನು ಅದು ಸದಾ ಇಟ್ಟುಕೊಂಡಿರುತ್ತದೆ, ಬಿಸಿ ತಾಗಿದಾಗ ಹೆಚ್ಚಿಸುವುದಿಲ್ಲ. ಆದ್ದರಿಂದ ಬಿಸಿ ತಾಗಿದ ಗಂಟೆ ಮುಗಿದರೂ ಅದರ ಸಾಲ ಮುಗಿದಿರದು. ಕನಿಷ್ಠ ಎರಡು ವಾರ ಹಿಂದಿನ ತಾಪಮಾನದ ದಾಖಲೆಯನ್ನು ತೆರೆದು ನೋಡಿ.

ಥಟ್ಟನೆ ಏರಿ ಇಳಿದ ಬಿಸಿಗಿಂತ ಮೆಲ್ಲಗೆ ಏರಿ ಕೂತ ಬಿಸಿ ಕಡಿಮೆ ಅಂಕಿಯಲ್ಲೇ ಕೊಲ್ಲುತ್ತದೆ ಎಂಬುದನ್ನೂ ಈ ದಾಖಲೆ ಓದುವಾಗ ನೆನಪಿಡಬೇಕು. ದಿನಕ್ಕೆ 1 ಡಿಗ್ರಿ ಏರಿಸಿದಾಗ ತಾಳಿಕೊಂಡ ತಾಪಮಾನವನ್ನು ಇದೇ ಪ್ರಾಣಿಗಳು ತಿಂಗಳಿಗೆ 1 ಡಿಗ್ರಿ ಏರಿಸಿದಾಗ ತಾಳಲಾರವು. ಓಫಿಯೋನೋಟಸ್ ವಿಕ್ಟೋರಿಯೇ ಎಂಬ ಬ್ರಿಟಲ್ ಸ್ಟಾರ್ ಬರೀ 2 ಡಿಗ್ರಿಗೂ ಹೊಂದಿಕೊಳ್ಳಲಾಗದೆ ಕೆಲವು ವಾರಗಳಲ್ಲಿ ಸೋಲುತ್ತದೆ. ಅದೇ ಪಗೋಥೀನಿಯಾ ಬೋರ್ಕ್‌ಗ್ರೆವಿಂಕಿ ಎಂಬ ಮೀನು ವಾರಗಳ ಅವಧಿ ಸಿಕ್ಕರೆ 4 ಡಿಗ್ರಿಗೆ ಸಾಕಷ್ಟು ಹೊಂದಿಕೊಳ್ಳುತ್ತದೆ. ಹಾಗಾಗಿ ಮೀನು ಚೆನ್ನಾಗಿದೆ ಎಂಬುದನ್ನು ತೊಟ್ಟಿ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿ ಮಾಡಿಕೊಳ್ಳಬೇಡಿ.

ನೀರನ್ನು ಹಿಂದಕ್ಕೆ ತಣಿಸುವಾಗ ನನ್ನ ರೂಢಿ ಹೀಗಿದೆ: ಬಿಸಿ ಇದ್ದದ್ದು ಕೆಲವೇ ಗಂಟೆಗಳಾದರೆ ಅಷ್ಟೇ ಗಂಟೆಗಳಲ್ಲಿ ಇಳಿಸುತ್ತೇನೆ, ವಾರಗಟ್ಟಲೆ ಇದ್ದದ್ದಾದರೆ, ಯಾವ ಪ್ರಾಣಿಯೂ ಮಗ್ಗುಲಾಗಿಲ್ಲದಿದ್ದಲ್ಲಿ, ದಿನಕ್ಕೆ 1 ಡಿಗ್ರಿಗಿಂತ ಹೆಚ್ಚು ಇಳಿಸುವುದಿಲ್ಲ. ಸರಿಹೋದ ಮೂರನೇ ದಿನ ಮತ್ತು ಹತ್ತನೇ ದಿನ ಐದು ಲಿಂಪೆಟ್‌ಗಳನ್ನು ಮತ್ತೆ ಬೆನ್ನಡಿ ಮಾಡಿ ತಟ್ಟೆಯಲ್ಲಿಟ್ಟು, ಪ್ರತಿಯೊಂದೂ ಹೊರಳಲು ತೆಗೆದುಕೊಂಡ ಸಮಯವನ್ನು ತೊಟ್ಟಿಯ ಪುಸ್ತಕದಲ್ಲಿ ಆ ದಿನದ ತಾಪಮಾನದ ಪಕ್ಕದಲ್ಲೇ ಬರೆದಿಡಬೇಕು.